ಗುರುಪಾದಪ್ಪ ಹೋಗುತ್ತಿದ್ದಾನೆ

ನಮ್ಮೂರಿನಲ್ಲಿ ಇಂಗ್ಲಿಷಿನಲ್ಲಿ ಆಡಿದ ವಾಕ್ಯದಲ್ಲಿ ತಪ್ಪಿಲ್ಲದಿದ್ದರೆ ಅದು ನಾಟುತ್ತದೆ. ನಾಟುವುದು ಎಂದರೆ ಹೇಳಿದ ಹಾಗೆ ಆಗುವುದು. ಕನ್ನಡದಲ್ಲಿ ಏನು ಹೇಳಿದರೂ ಏನೂ ಆಗುವುದಿಲ್ಲ. ಆ ವಿಷಯದಲ್ಲಿ ನಾವು ಉಳಿದ ಊರುಗಳಂತೆಯೇ. ತಪ್ಪು ಇಂಗ್ಲಿಷಿನಿಂದಲೂ ಏನೂ ಆಗುವುದಿಲ್ಲ. ಆದ್ದರಿಂದ ಊರು ಬಹಳ ವರ್ಷ ಸುರಕ್ಷಿತವಾಗಿತ್ತು. ನಾನು ಬಂದ ಮೇಲೆ ಸ್ವಲ್ಪ ತೊಂದರೆಯಾಯಿತು. ನಾನು ಇಂಗ್ಲಿಷ್ ಮಾಸ್ತರ.

ಪುರಸಭೆಯ ವಾಚನಾಲಯದ ಹಿಂದಿನ ಕೋಣೆಯಲ್ಲಿ ಸಂಜೆ ಐದೂವರೆಯಿಂದ ಏಳರವರೆಗೆ ನನ್ನ ತರಗತಿ. ಬರುವವರೆಲ್ಲ ದೊಡ್ಡವರು. ನರ್ಸ್ ಕೆಲಸಕ್ಕೆ ಪರೀಕ್ಷೆ ಕಟ್ಟಿದವರು, ಪರವೂರಿನ ದೊಡ್ಡ ಆಸ್ಪತ್ರೆಗೆ ಓಡಾಡುವವರು, ಬೀಗರ ಮುಂದೆ ನಾಲ್ಕು ಮಾತು ಬೇಕೆನ್ನುವವರು. ಊರೊಳಗೆ ಬಾಯಿ ಬಿಗಿಹಿಡಿದು ಕಲಿತು ಊರ ಹೊರಗೆ ಹೋಗಿ ಬಾಯಿ ಬಿಡಬೇಕು. ಆದರೆ ಕ್ರಿಯಾಪದದ ಕಾಲಗಳನ್ನು ಬಾಯಿ ಬಿಡದೆ ಕಲಿಸಲು ಬರುವುದಿಲ್ಲ. ಅದಕ್ಕಾಗಿ ಪುರಸಭೆಯವರು ಒಂದು ದಾರಿ ಹುಡುಕಿದರು. ನನ್ನ ಮೇಜಿನ ಮೇಲೆ ಒಂದು ಗುಂಡುಕಲ್ಲು ತಂದಿಟ್ಟು, ಅಭ್ಯಾಸದ ವಾಕ್ಯಗಳಿಗೆಲ್ಲ ಆ ಕಲ್ಲೇ ಕರ್ತೃವಾಗಿರಬೇಕು ಎಂದು ಠರಾವು ಮಾಡಿದರು. 'ದ ಸ್ಟೋನ್ ಇಸ್ ಸ್ಲೀಪಿಂಗ್' ಎಂದರೆ ಯಾರಿಗೂ ನಷ್ಟವಿಲ್ಲ. ಕಲ್ಲು ಮೊದಲೂ ಹಾಗೆಯೇ ಇತ್ತು.

ಒಂದು ಸಂಜೆ ನರ್ಸ್ ಪರೀಕ್ಷೆಯ ಹುಡುಗಿಯೊಬ್ಬಳು 'ದ ಸ್ಟೋನ್ ಇಸ್ ರೋಲಿಂಗ್' ಎಂದುಬಿಟ್ಟಳು. ಕಲ್ಲು ಮೇಜಿನಿಂದ ಬಿದ್ದು, ಬಾಗಿಲು ದಾಟಿ, ಪೇಟೆಯ ಉದ್ದಕ್ಕೂ ಉರುಳಿತು. ಕಾಯಿಪಲ್ಲೆ ಮಾರುವವರು ಬುಟ್ಟಿ ಎತ್ತಿಕೊಂಡು ದಾರಿ ಬಿಟ್ಟರು. ಇಳಿಜಾರು ಮುಗಿದ ಮೇಲೂ ಅದು ನಿಲ್ಲಲಿಲ್ಲ; ಕೆರೆಯ ಏರಿಯನ್ನು ಹತ್ತತೊಡಗಿತು. ಆ ಹುಡುಗಿ ಹಿಂದೆ ಓಡಿ, ಏದುಸಿರು ಬಿಡುತ್ತ, 'ದ ಸ್ಟೋನ್ ಹ್ಯಾಸ್ ರೋಲ್ಡ್' ಎಂದಾಗಲೇ ನಿಂತಿತು. ನಡೆಯುತ್ತಿರುವುದು ತಾನಾಗಿ ಮುಗಿಯುವುದಿಲ್ಲ, ಯಾರಾದರೂ ಮುಗಿಸಬೇಕು ಎಂಬುದು ಆ ದಿನ ಎಲ್ಲರಿಗೂ ಚೆನ್ನಾಗಿ ಅರ್ಥವಾಯಿತು. ಅಂಥ ಪಾಠ ನಾನು ಆರು ತಿಂಗಳು ಮಾಡಿದರೂ ಆಗುತ್ತಿರಲಿಲ್ಲ. ಪುರಸಭೆಯವರು ಬೈಯಲಿಲ್ಲ. ಗುಂಡುಕಲ್ಲು ಒಯ್ದು ಚೌಕದ ಕಲ್ಲು ಕೊಟ್ಟರು.

ನಾನೇ ಆಡಿದ ವಾಕ್ಯಗಳು ಮಾತ್ರ ನಾಟುವುದಿಲ್ಲ. ಮೊದಲ ವರ್ಷ ನಾಟುತ್ತಿದ್ದವು. ಆಮೇಲೆ ಬರಬರುತ್ತ ನನ್ನ ಬಾಯಿಂದ ಬಂದ ಇಂಗ್ಲಿಷೆಲ್ಲ ಉದಾಹರಣೆ ಎಂದಾಗಿಬಿಟ್ಟಿತು. ಒಮ್ಮೆ ಜ್ವರ ಬಂದಾಗ 'ಐ ಆ್ಯಮ್ ಗೆಟ್ಟಿಂಗ್ ಬೆಟರ್' ಎಂದು ಹತ್ತು ಸಲ ಹೇಳಿ ನೋಡಿದೆ. ಕೊನೆಗೆ ಗುಳಿಗೆ ನುಂಗಬೇಕಾಯಿತು.

ಗುರುಪಾದಪ್ಪ ಹಿಟ್ಟಿನ ಗಿರಣಿಯ ಯಜಮಾನ. ಐವತ್ತರ ಹತ್ತಿರದ ವಯಸ್ಸು, ಹುಬ್ಬಿನ ಮೇಲೆ ಸದಾ ಹಿಟ್ಟು. ದೊಡ್ಡ ಪಟ್ಟಣವೊಂದರಲ್ಲಿ ಗಿರಣಿ ಯಂತ್ರಗಳ ಪ್ರದರ್ಶನವಿದೆ, ಅಲ್ಲಿ ಯಂತ್ರ ತೋರಿಸುವವರೆಲ್ಲ ಇಂಗ್ಲಿಷಿನವರು ಎಂದು ಹದಿನೈದು ದಿನ ನನ್ನ ತರಗತಿಗೆ ಬಂದ. ಅವನ ಇಂಗ್ಲಿಷ್ ಯಾರಿಗೂ ಅಪಾಯವಿಲ್ಲದ್ದು. 'ಐ ಗೋಯಿಂಗ್' ಎನ್ನುತ್ತಿದ್ದ, 'ಐ ಸೀಯಿಂಗ್ ಮೆಷಿನ್' ಎನ್ನುತ್ತಿದ್ದ. ಕೊನೆಯ ದಿನ ವಾಚನಾಲಯದ ಮೆಟ್ಟಿಲಿಳಿಯುವಾಗ ನಾನು ಅವನನ್ನು ನಿಲ್ಲಿಸಿ, "ಗುರುಪಾದಪ್ಪ, ನಡುವ ಒಂದು ಆ್ಯಮ್ ಹಾಕ್ರಿ" ಎಂದೆ. ಅವನು ಮನಸ್ಸಿನಲ್ಲೇ ಹಾಕಿ ನೋಡಿ, ಚೆನ್ನಾಗಿದೆ ಎಂಬಂತೆ ತಲೆಯಾಡಿಸಿದ. ಇದನ್ನು ಊರು ದಾಟಿದ ಮೇಲೆ ಮಾತ್ರ ಆಡಬೇಕು ಎಂದು ಹೇಳುವುದು ನನ್ನ ಕೆಲಸ. ಪ್ರತಿಯೊಬ್ಬರಿಗೂ ಹೇಳುತ್ತೇನೆ. ಅಂದು ಮೋಡ ಕಟ್ಟಿತ್ತು, ಮನೆಯ ಮೇಲೆ ನನ್ನ ಬಟ್ಟೆ ಒಣಹಾಕಿದ್ದೆ. ಹೇಳದೆ ಓಡಿದೆ.

ನಮ್ಮ ಕಡೆ ಮನೆ ಬಿಡುವವರು ಬರಿ ಹೋಗುತ್ತೇನೆ ಎನ್ನುವುದಿಲ್ಲ. ಹೋಗಿ ಬರ್ತೀನಿ ಎನ್ನುತ್ತಾರೆ. ಗುರುಪಾದಪ್ಪ ಮರುದಿನ ಬೆಳಿಗ್ಗೆ ಹೊಸ ಅಂಗಿ ತೊಟ್ಟು, ಚೀಲ ಹಿಡಿದು, ಗಿರಣಿಯ ಬಾಗಿಲಲ್ಲಿ ನಿಂತು, ಹೆಂಡತಿಗೆ ನಗು ಬರಲಿ ಎಂದು 'ಐ ಆ್ಯಮ್ ಗೋಯಿಂಗ್' ಎಂದ. ಅವಳಿಗೆ ನಗು ಬಂತು. ಅವನು ಹೋದ. ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ದಸ್ತಗೀರ, "ಗುರುಪಾದಪ್ಪಣ್ಣ, ಬಸ್ ಇಲ್ಲೈತಿ" ಎಂದು ಕೂಗಿದ. "ಗೊತ್ತೈತಿ, ಕಾಲು ಕೇಳವಲ್ಲವು" ಎನ್ನುತ್ತ ಗುರುಪಾದಪ್ಪ ಬಸ್ಸನ್ನು ಬಳಸಿಕೊಂಡು ಮುಂದೆ ನಡೆದ. ನಾಲ್ಕನೆಯ ದಿನ ಪ್ರದರ್ಶನದ ಮೈದಾನದೊಳಗೆ ಒಂದು ಬಾಗಿಲಿನಿಂದ ಹೊಕ್ಕು ಇನ್ನೊಂದು ಬಾಗಿಲಿನಿಂದ ಹೊರಬಿದ್ದ. ಯಂತ್ರಗಳು ಚೆನ್ನಾಗಿದ್ದವಂತೆ.

ಅಲ್ಲಿಂದ ನಾಲ್ಕು ವರ್ಷ ಅವನು ಹೋಗುತ್ತಲೇ ಇದ್ದ. ನಡೆಯುತ್ತಲೇ ಉಣ್ಣುತ್ತಿದ್ದ. ಎತ್ತಿನ ಗಾಡಿಯ ಹಿಂಬದಿ ಹಿಡಿದು ನಡೆಯುತ್ತಲೇ ನಿದ್ದೆ ತೆಗೆಯುತ್ತಿದ್ದ. ಕೆಲವು ಊರುಗಳಲ್ಲಿ ಸಾಧು ಎಂದುಕೊಂಡು ಜನ ಕಾಲಿಗೆ ಬೀಳಲು ಬರುತ್ತಿದ್ದರು; ಕಾಲು ನಿಲ್ಲದ್ದರಿಂದ ಅವರೂ ಒಂದಷ್ಟು ದೂರ ಬಗ್ಗಿಕೊಂಡೇ ಓಡಬೇಕಾಗುತ್ತಿತ್ತು. ಪ್ರತಿ ರವಿವಾರ ಮಧ್ಯಾಹ್ನ ಹೆಂಡತಿಗೆ ಫೋನು ಮಾಡುತ್ತಿದ್ದ. "ಎಲ್ಲಿ ಅದೀರಿ?" ಎಂದು ಅವಳು ಕೇಳುವುದು, "ಒಂದು ಸೇತುವೆ ದಾಟಾಕ ಹತ್ತೀನಿ" ಎಂದು ಅವನು ಹೇಳುವುದು. ಹಿಂದೆ ಚಪ್ಪಲಿಯ ಸಪ್ಪಳ ಕೇಳುತ್ತಿತ್ತು. ಊರ ಹೊರಗೆ ನಿಂತು ಆಡಿದ ಇಂಗ್ಲಿಷ್ ನಾಟುವುದಿಲ್ಲವಾದ್ದರಿಂದ ತನ್ನ ವಾಕ್ಯವನ್ನು ತಾನೇ ಮುಗಿಸಿಕೊಳ್ಳಲು ಅವನಿಗೆ ದಾರಿಯಿರಲಿಲ್ಲ. ಕಲ್ಲನ್ನು ನಿಲ್ಲಿಸಿದ ಹಾಗೆ ಮನುಷ್ಯನನ್ನು ನಿಲ್ಲಿಸಲು ಹೋಗಿ ಏನಾದರೂ ಆದೀತೆಂದು ಊರೊಳಗಿನವರು ಬಾಯಿ ಹಾಕಲಿಲ್ಲ.

ಅವನ ಹೆಂಡತಿ ನೀಲಗಂಗವ್ವ ಗಿರಣಿ ನಡೆಸಿದಳು. ಬೀಸುವುದು, ಸವೆದ ಕಲ್ಲಿಗೆ ಮುಳ್ಳು ಹೊಡೆದು ಒರಟು ಮಾಡುವುದು, ಯಂತ್ರದ ಪಟ್ಟಾ ಬದಲಿಸುವುದು ಎಲ್ಲ ಅವಳಿಗೆ ಬರುತ್ತಿತ್ತು. ಪಡಿತರ ಚೀಟಿಯಲ್ಲಿ ಗಂಡನ ಹೆಸರಿನ ಮುಂದೆ 'ಇದ್ದಾರೆ' ಎಂದು ಬರೆಯುವಂತಿರಲಿಲ್ಲ, 'ಇಲ್ಲ' ಎಂದೂ ಬರೆಯುವಂತಿರಲಿಲ್ಲ. ಗುಮಾಸ್ತ ಯೋಚಿಸಿ 'ಹೋಗುತ್ತಿದ್ದಾರೆ' ಎಂದು ಬರೆದುಕೊಟ್ಟ. ಯಾರೂ ಆಕ್ಷೇಪಿಸಲಿಲ್ಲ.

ಮೂರನೆಯ ವರ್ಷ ದಸ್ತಗೀರ ಉಪಕಾರ ಮಾಡಲು ಹೋದ. ತನ್ನ ಬಸ್ಸಿನ ಮುಂದೆಯೇ ಮನುಷ್ಯ ಕೈತಪ್ಪಿ ಹೋದ ಎಂಬ ಸಂಕಟ ಅವನಿಗೆ. ನನ್ನ ಬಳಿ ಎರಡು ತಿಂಗಳು ಕಲಿತಿದ್ದ. ಒಂದು ಶುಕ್ರವಾರ ಗಿರಣಿಯ ಮುಂದೆ ನಿಂತು, ಎದೆ ಗಟ್ಟಿ ಮಾಡಿಕೊಂಡು, 'ಹೀ ಕೇಮ್' ಎಂದ. ವಾಕ್ಯ ಸರಿಯಾಗಿತ್ತು. ಕಾಲ ಸರಿಯಿರಲಿಲ್ಲ.

ನೀಲಗಂಗವ್ವ ಪಡಿತರ ಅಂಗಡಿಯಿಂದ ಮನೆಗೆ ಬಂದಾಗ ಒಲೆಯ ಪಕ್ಕದಲ್ಲಿ ಒಂದು ತಾಟು ತೊಳೆದು ಬೋರಲಿಟ್ಟಿತ್ತು. ಉಂಡ ತಾಟನ್ನು ತಾನೇ ತೊಳೆದಿಡುವುದು ಗುರುಪಾದಪ್ಪನ ರೂಢಿ. ಗೂಟಕ್ಕಿದ್ದ ಅಂಗಿ ಇರಲಿಲ್ಲ. ಬಚ್ಚಲಿನ ಬಕೀಟಿನಲ್ಲಿ ಎರಡು ವರ್ಷದ ದಾರಿಯ ಧೂಳು ಹಿಡಿದ ಅಂಗಿಯೊಂದು ನೆನೆಯುತ್ತಿತ್ತು. ಪಕ್ಕದ ಮನೆಯವರು, "ಬಂದಿದ್ರಲ್ಲ, ಮಾತಾಡಿಸಿದ್ವಿ. ಸೊರಗ್ಯಾರ" ಎಂದರು. ಬಂದದ್ದು ಆಗಿಹೋಗಿತ್ತು. ಊರಿನಲ್ಲಿ ಅರ್ಧ ಜನಕ್ಕೆ ಅವನು ಬಂದ ನೆನಪಿತ್ತು, ಅವಳಿಗಿರಲಿಲ್ಲ. ಆ ವೇಳೆಯಲ್ಲಿ ಅವಳು ಸಕ್ಕರೆಗೆ ಪಾಳಿ ಹಚ್ಚಿ ನಿಂತಿದ್ದಳು. ರವಿವಾರ ಅವನು ಎಂದಿನಂತೆ ನಡೆಯುತ್ತಲೇ ಫೋನಿನಲ್ಲಿ, "ಮನಿಗೆ ಬಂದಿದ್ದೆ ಅನಸ್ತೈತಿ. ನೀ ಇರಲಿಲ್ಲ" ಎಂದ. ಆ ಅಂಗಿಯನ್ನು ಅವಳು ಎರಡು ದಿನ ಒಗೆಯದೆ ಹಾಗೆಯೇ ಬಿಟ್ಟಿದ್ದಳಂತೆ. ಮೂರನೆಯ ದಿನ ನೀರು ವಾಸನೆ ಬಂದು ಒಗೆದಳು.

ಅದೇ ಸಂಜೆ ವಾಚನಾಲಯಕ್ಕೆ ಬಂದಳು. ಕೈಯಲ್ಲಿ ಇನ್ನೂರು ಹಾಳೆಯ ನೋಟ್‌ಬುಕ್ಕಿತ್ತು. ಕುಳಿತವರನ್ನೆಲ್ಲ ಒಮ್ಮೆ ನೋಡಿ, "ಇನ್ನ ಮುಂದ ನಮ್ಮ ಮನಿಯವರ ಸುದ್ದಿ ಯಾರೂ ಇಂಗ್ಲಿಷಿನ್ಯಾಗ ಎತ್ತಬಾರದು" ಎಂದಳು. ದಸ್ತಗೀರ ತಲೆ ತಗ್ಗಿಸಿದ. "ಎತ್ತೂದಿದ್ರ ನಾನ ಎತ್ತತೀನಿ. ಮಾಸ್ತರ, ಕಲಸ್ರಿ."

ಅವಳು ಚುರುಕು. ಗಿರಣಿಯವಳಾದ್ದರಿಂದ ಯಾವುದು ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ನೋಡುವ ಕಣ್ಣಿತ್ತು. ಭೂತಕಾಲ ಹದಿನೈದು ದಿನದಲ್ಲಿ ಮುಗಿಸಿದಳು. ಅದರ ಮೇಲೆ ಅವಳಿಗೆ ಸಿಟ್ಟಿತ್ತು, ಸಿಟ್ಟಿನಲ್ಲಿ ಬೇಗ ಕಲಿತಳು. ವರ್ತಮಾನಕ್ಕೆ ಬಂದಾಗ ತಡೆದಳು. "ಬರ್ತಾರ ಅನ್ನೂದಕ್ಕ ಏನಂತಾರ್ರಿ?"

"ದಿನಾ ಬರ್ತಾರೋ, ನಾಳಿ ಬರ್ತಾರೋ?" ಎಂದೆ.

"ಬರ್ತಾರ."

"ಎರಡಕ್ಕೂ ಬ್ಯಾರೆ ಬ್ಯಾರೆ ಐತ್ರಿ ಇಂಗ್ಲಿಷಿನ್ಯಾಗ."

"ನಮಗ ಒಂದರಾಗ ನಡೀತೈತಲ್ರಿ," ಎಂದು ಅವಳು ಎರಡನ್ನೂ ಹಾಳೆಯ ಮೇಲೆ ಬರೆದುಕೊಂಡಳು.

ನಿಜವಾದ ತೊಡಕು ಬೇರೆ ಇತ್ತು. ಗಂಡನನ್ನು ಅವಳು ಎಂದೂ ಏಕವಚನದಲ್ಲಿ ಅಂದವಳಲ್ಲ. ಹೋದರು, ಬಂದರು, ಉಂಡರು. ಇಂಗ್ಲಿಷಿನಲ್ಲಿ ಒಬ್ಬ ಗಂಡಸಿಗೆ 'ಹೀ' ಎನ್ನಬೇಕು, 'ಹ್ಯಾಸ್' ಹಚ್ಚಬೇಕು ಎಂದರೆ, "ಅಂವ ಇಂವ ಅಂದಂಗ ಆಗೂದಿಲ್ಲೇನ್ರಿ?" ಎಂದಳು. ಅಲ್ಲಿ ಅರಸನಿಗೂ 'ಹೀ' ಎನ್ನುತ್ತಾರೆ ಎಂದೆ. "ಅದು ಅವರ ಅರಸ" ಎಂದಳು. ಕಲ್ಲಿಗಾದರೆ ಹ್ಯಾಸ್ ಎನ್ನುತ್ತಿದ್ದಳು. ಗಂಡನ ವಿಷಯ ಬಂತೆಂದರೆ ನಾಲಿಗೆ ತಾನಾಗಿ 'ದೇ ಹ್ಯಾವ್' ಕಡೆಗೆ ತಿರುಗುತ್ತಿತ್ತು.

ಹೀಗೆ ಒಂದು ಸಂಜೆ, ಕಲ್ಲನ್ನು ಬಿಟ್ಟು ಮನೆಯವರನ್ನು ನೆನೆಸಿಕೊಂಡು, ಗಟ್ಟಿಯಾಗಿ 'ದೇ ಹ್ಯಾವ್ ಗಾನ್' ಎಂದಳು. ವಾಕ್ಯದಲ್ಲಿ ತಪ್ಪಿರಲಿಲ್ಲ. ಕೋಣೆಯಲ್ಲಿದ್ದ ಹನ್ನೊಂದು ಜನ ಇಲ್ಲವಾದರು. ಅವಳು ಮತ್ತು ನಾನು ಎದುರುಬದುರು ಕುಳಿತಿದ್ದೆವು. ಬೆಂಚುಗಳ ಮೇಲೆ ಪುಸ್ತಕಗಳು ತೆರೆದೇ ಇದ್ದವು. ಕಿಟಕಿಯಿಂದ ನೋಡಿದರೆ ಹತ್ತಿರದವರೆಲ್ಲ ತಂತಮ್ಮ ಮನೆಯ ಬಾಗಿಲಲ್ಲಿ, ಪೆನ್ನು ಕೈಯಲ್ಲಿ ಹಿಡಿದು ನಿಂತದ್ದು ಕಾಣುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ನಡೆದುಕೊಂಡು ವಾಪಸ್ ಬಂದರು. ದೂರದ ಓಣಿಯವರು ಅಂದು ಬರಲಿಲ್ಲ.

ಅವರು ಬರುವುದನ್ನು ಕಾಯುತ್ತ ಕುಳಿತಾಗ ಅವಳು, ಮಾತಿಗೆ ಮಾತು ಎಂಬಂತೆ, "ನಮ್ಮವರು ಮದಲ ಬರೇ ತಪ್ಪ ಮಾತಾಡ್ತಿದ್ರು ನೋಡ್ರಿ. 'ಐ ಗೋಯಿಂಗ್' ಅಂತಿದ್ರು. ಆ ದಿನ ಅದು ಹೆಂಗ ಸರಿಯಾತೋ" ಎಂದಳು.

ಎರಡು ವರ್ಷದಿಂದ ನಾನು ಆ ಪ್ರಶ್ನೆಯನ್ನು ಯಾರಾದರೂ ಕೇಳುತ್ತಾರೆ ಎಂದು ಅಂಜಿ ಗಿರಣಿಗೆ ಜೋಳವನ್ನು ಬೇರೆಯವರ ಕೈಯಲ್ಲಿ ಕಳಿಸುತ್ತಿದ್ದೆ. "ನಾನು ತಿದ್ದಿದೆ," ಎಂದೆ. "ಹಿಂದಿನ ದಿನ ಮೆಟ್ಟಿಲ ಮ್ಯಾಲೆ. ಆ್ಯಮ್ ಹಾಕ್ರಿ ಅಂದವ ನಾನ. ಊರಾಗ ಅನಬ್ಯಾಡ್ರಿ ಅಂತ ಹೇಳಲಿಲ್ಲ. ಬಟ್ಟಿ ತೊಯ್ತಾವಂತ ಓಡಿದೆ."

ಅವಳು ನೋಟ್‌ಬುಕ್ ಮುಚ್ಚಿದಳು. "ತೊಯ್ದುವೇನ್ರಿ?" ಎಂದು ಕೇಳಿದಳು.

"ಇಲ್ಲ. ಮಳಿ ಬರಲಿಲ್ಲ."

ಅವಳು ಎದ್ದು ಹೋದಳು. ಮೂರು ದಿನ ಬರಲಿಲ್ಲ. ಆ ಮೂರು ದಿನ ನಾನು ಏನು ಕಲಿಸಿದೆ ಎಂದು ನನಗೆ ನೆನಪಿಲ್ಲ. ನಾಲ್ಕನೆಯ ದಿನ ಬಂದು ಮುಂದಿನ ಬೆಂಚಿನಲ್ಲಿ ಕುಳಿತು, "ಸಿಟ್ಟು ಹೋಗಿಲ್ರಿ. ಆದ್ರ ಊರಾಗ ಬ್ಯಾರೆ ಮಾಸ್ತರ ಇಲ್ಲ. ಎಲ್ಲಿಗೆ ಬಿಟ್ಟಿದ್ವಿ?" ಎಂದಳು.

ಮತ್ತೆ ಒಂದು ವರ್ಷ ಹಿಡಿಯಿತು. ನಾನು ಅವಳಿಗಾಗಿ ಒಂದು ವಾಕ್ಯವನ್ನು ನೇರ್ಪುಗೊಳಿಸಿ ಇಟ್ಟಿದ್ದೆ: 'ಮೈ ಹಸ್ಬೆಂಡ್ ಹ್ಯಾಸ್ ಕಮ್ ಹೋಮ್'. 'ಹೀ' ಎನ್ನುವ ಗೊಡವೆಯಿಲ್ಲ. ಬಂದದ್ದೂ ಆಯಿತು, ಬಂದು ಇರುವುದೂ ಆಯಿತು. ಅದನ್ನು ಹಾಳೆಯ ಮೇಲೆ ಬರೆದು ಕೊಟ್ಟಾಗ ನನಗೆ ಸ್ವಲ್ಪ ಹೆಮ್ಮೆಯಾಗಿತ್ತು. ಅವಳು ಓದಿ, ಅರ್ಥ ಬಿಡಿಸಿಕೊಂಡು, ಹಾಳೆಯನ್ನು ನನ್ನ ಕಡೆಗೇ ಸರಿಸಿದಳು.

"ಇದು ಬ್ಯಾಡ್ರಿ."

"ಯಾಕ? ಇದರಾಗ ಎಲ್ಲಾ ಐತಿ."

"ಇದನ್ನಂದ್ರ ಅವರು ಬರೂದಿಲ್ರಿ. ನಾ ತಂದಂಗ ಆಗತೈತಿ. ಚೀಲ ಎತ್ತಿ ಒಗದಂಗ. ಒಂದ್ಸಲ ದಸ್ತಗೀರ ಹಂಗ ಮಾಡ್ಯಾನ." ಹಿಂದಿನ ಬೆಂಚಿನಲ್ಲಿ ದಸ್ತಗೀರ ಮತ್ತೆ ತಲೆ ತಗ್ಗಿಸಿದ. "ನಾಲ್ಕು ವರ್ಷ ಅವರ ಕಾಲು ಅವರ ಮಾತು ಕೇಳಿಲ್ಲ. ಈಗ ನನ್ನ ಮಾತು ಕೇಳಿ ಬಂದು ಕುಂತ್ರ ಏನಾತು ಅದು? ಹೋಗೂದು ನಿಲ್ಲಿಸಿದ್ರ ಸಾಕು. ಬರೂದು ಅವರಿಗೆ ಬಿಟ್ಟದ್ದು."

"ಹಂಗಾದ್ರ 'ಹ್ಯಾಸ್ ಗಾನ್' ಅನಬೇಕು," ಎಂದೆ. "ಆದ್ರ ನೀಲಗಂಗವ್ವ, ಅದು ಚಲೋ ಮಾತಲ್ಲ. ಹೋಗಿಬಿಟ್ರು ಅಂತನೂ ಆಗತೈತಿ. ತೀರಿಹೋದವರಿಗೂ ಅಲ್ಲಿ ಹಂಗ ಅಂತಾರ."

"ನಮ್ಮಲ್ಲೂ ಅಂತಾರಲ್ರಿ," ಎಂದಳು. "ಅಂದವರ ಮನಸಿನ್ಯಾಗ ಏನೈತಿ ಅನ್ನೂದು ಇಂಗ್ಲಿಷಿಗೆ ತಿಳಿಯೂದಿಲ್ಲೇನು?"

ವ್ಯಾಕರಣದ ಪುಸ್ತಕ ತೆಗೆದು ನೋಡಿದೆ. ಅದರಲ್ಲಿರಲಿಲ್ಲ.

ರವಿವಾರ ಮಧ್ಯಾಹ್ನ ಗಿರಣಿ ನಿಲ್ಲಿಸಿ ಅವಳು ಮೊಬೈಲನ್ನು ಜೋಳದ ಚೀಲದ ಮೇಲೆ ಇಟ್ಟು, ನಮಗೂ ಕೇಳುವ ಹಾಗೆ ಸ್ಪೀಕರ್ ಹಾಕಿದಳು. ನಾನು ಬಾಗಿಲ ಬಳಿ ನಿಂತಿದ್ದೆ. ದಸ್ತಗೀರ ಹೊರಗೆ, ಏನಾದರೂ ಬಾಯಿಂದ ಬಿದ್ದೀತೆಂದು ಟವೆಲ್ ಕಚ್ಚಿಕೊಂಡು ನಿಂತಿದ್ದ. ಫೋನು ಬಂತು. ಚಪ್ಪಲಿ ಸಪ್ಪಳ ಮಾಡುತ್ತ ನಡೆಯುತ್ತಿತ್ತು.

"ಎಲ್ಲಿ ಅದೀರಿ?"

"ಯಾವುದೋ ಊರು. ಬೋರ್ಡ್ ಓದಾಕ ಬರವಲ್ದು. ಆರಾಮ ಅದಿಯಲ್ಲ?"

"ಅದೀನಿ. ಒಂದು ಮಾತು ಕೇಳ್ರಿ. ಇವತ್ತ ನಿಮ್ಮನ್ನ ಏಕವಚನದಾಗ ಅಂತೀನಿ. ಸಿಟ್ಟಾಗಬ್ಯಾಡ್ರಿ."

ಅತ್ತ ಸ್ವಲ್ಪ ದೂರ ಬರೀ ನಡಿಗೆ ಕೇಳಿತು. ಆಮೇಲೆ, "ಇಂಗ್ಲಿಷಿನ್ಯಾಗೇನು?" ಎಂದ.

"ಹೂಂ."

"ಅನ್ನು. ಏನರ ಅನ್ನು," ಎಂದ ಗುರುಪಾದಪ್ಪ. "ಸಾಕಾಗೈತಿ ನನಗ."

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. 'ಮೈ ಹಸ್ಬೆಂಡ್' ಎಂದಳು. ನಿಂತಳು. ಅವಳ ತುಟಿ 'ಹ್ಯಾವ್' ಕಡೆಗೆ ಹೋಗಿ ತಿರುಗಿದ್ದು ನನಗೆ ಕಂಡಿತು. 'ಹ್ಯಾಸ್ ಗಾನ್' ಎಂದಳು.

ಚಪ್ಪಲಿಯ ಸಪ್ಪಳ ನಿಂತಿತು. ಏನೂ ಕೇಳಲಿಲ್ಲ. ಉಸಿರೂ ಕೇಳಲಿಲ್ಲ. ಎಲ್ಲೋ ಒಂದು ಆಡು ಕೂಗಿತು. ನೀಲಗಂಗವ್ವ ಎರಡೂ ಕೈಯಿಂದ ಚೀಲವನ್ನು ಹಿಡಿದುಕೊಂಡಿದ್ದಳು.

"ನಿಂತೀನಿ," ಎಂದಿತು ಫೋನು. ಬಹಳ ಹೊತ್ತಾದ ಮೇಲೆ, "ಇಲ್ಲೊಂದು ಕಟ್ಟಿ ಐತಿ. ಕುಂದರ್ಲೇನು?"

"ಕುಂದರ್ರಿ," ಎಂದಳು ಅವಳು. ಅವನು ಕುಳಿತದ್ದು ಕೇಳಿಸಿತು. ಗಂಡಸೊಬ್ಬ ಕುಳಿತದ್ದನ್ನು ಅಷ್ಟು ಗಮನವಿಟ್ಟು ಮೂವರು ಹಿಂದೆಂದೂ ಕೇಳಿರಲಾರರು. ನಂತರ ಗೊರಕೆ ಕೇಳಿತು. ಫೋನು ತಾನಾಗಿ ಕಟ್ಟಾಯಿತು.

ಆಮೇಲೆ ಹನ್ನೆರಡು ದಿನ ಸುದ್ದಿಯಿರಲಿಲ್ಲ. ನಡುವೆ ಬಂದ ರವಿವಾರ ಫೋನು ಬರಲಿಲ್ಲ. ನೀಲಗಂಗವ್ವ ತರಗತಿಗೆ ಬರುವುದನ್ನು ಬಿಟ್ಟಳು. ನಾನು ದಿನಾ ಗಿರಣಿಯ ಓಣಿಯ ತುದಿಯವರೆಗೆ ಹೋಗಿ, ಗಿರಣಿಯ ಸದ್ದು ಕೇಳುತ್ತಿದ್ದರೆ ವಾಪಸ್ ಬರುತ್ತಿದ್ದೆ. ಅವಳು ಅವನಿಗೆ ಫೋನು ಮಾಡಲಿಲ್ಲ, ಬರ್ತೀರೇನು ಎಂದು ಕೇಳಲಿಲ್ಲ. ಕೇಳಿದರೆ ಎಳೆದ ಹಾಗಾಗುತ್ತದೆ ಎಂದಳಂತೆ. ಹದಿಮೂರನೆಯ ದಿನ ದಸ್ತಗೀರನ ಬಸ್ಸಿನಿಂದ ಗುರುಪಾದಪ್ಪ ಇಳಿದ. ದಾರಿಯುದ್ದಕ್ಕೂ ಕಿಟಕಿಗೆ ತಲೆ ಇಟ್ಟು ಮಲಗಿದ್ದನಂತೆ. ಪಾದ ಊದಿದ್ದವು. ಅಷ್ಟು ದಿನ ಆ ಕಟ್ಟೆಯ ಹತ್ತಿರದ ಚಹಾದಂಗಡಿಯವರು ಅವನಿಗೆ ಉಣ್ಣಲಿಕ್ಕಿ, ಕಾಲಿಗೆ ಎಣ್ಣೆ ಹಚ್ಚಿ, ಯಾವ ಭಾಷೆಯೋ ತಿಳಿಯದ ಭಾಷೆಯಲ್ಲಿ ಸಮಾಧಾನ ಹೇಳಿದ್ದರಂತೆ.

ಎರಡು ದಿನ ಬಿಟ್ಟು ನಾನು ಐದು ಕಿಲೋ ಜೋಳ ಹೊತ್ತುಕೊಂಡು ಗಿರಣಿಗೆ ಹೋದೆ. ಗುರುಪಾದಪ್ಪ ಗೋಡೆಯ ಬದಿಗೆ ಖುರ್ಚಿಯಲ್ಲಿ ಕುಳಿತಿದ್ದ. ನನ್ನ ಹಿಂದೆ ನಾಲ್ಕು ಜನ ಡಬ್ಬಿ ಹಿಡಿದು ಪಾಳಿ ಹಚ್ಚಿದ್ದರು. ಗಿರಣಿಯ ಸದ್ದಿನಲ್ಲಿ ನಾನು ಅವನ ಕಿವಿಗೆ ಬಗ್ಗಿ, "ಗುರುಪಾದಪ್ಪ, ತಪ್ಪು ನಂದು. ಆ ಆ್ಯಮ್ ಹಾಕಿಸಿದವ ನಾನ" ಎಂದೆ.

"ಹೇಳ್ಯಾಳ," ಎಂದ. ನನ್ನನ್ನು ನೋಡಿದ. ಮುಖ ಕಪ್ಪಾಗಿತ್ತು, ಕಣ್ಣು ಒಳಗೆ ಹೋಗಿದ್ದವು. "ವಾಕ್ಯ ಸರಿ ಇತ್ತಲ್ರಿ ಮಾಸ್ತರ. ನಾಲ್ಕು ವರ್ಷ ಅದನ್ನ ತಿರುವಿ ತಿರುವಿ ನೋಡಿದೆ. ಎಲ್ಲೂ ತಪ್ಪಿರಲಿಲ್ಲ." ಕ್ಷಮಿಸಿದನೋ ಇಲ್ಲವೋ ನನಗೆ ತಿಳಿಯಲಿಲ್ಲ. ಇನ್ನೂ ಏನೋ ಹೇಳಲು ಬಾಯಿ ತೆರೆದವನು ಅರ್ಧದಲ್ಲೇ ನಿದ್ದೆಹೋದ.

ನೀಲಗಂಗವ್ವ ನನ್ನ ಜೋಳವನ್ನು ಮೇಲೆ ಸುರಿಯುತ್ತಿದ್ದಳು. ಅವಳು ತರಗತಿಗೆ ಮತ್ತೆ ಬರಲಿ ಎಂದು, "ಭವಿಷ್ಯತ್ ಕಾಲ ಇನ್ನೂ ಬಾಕಿ ಐತ್ರಿ" ಎಂದೆ.

"ಅದೊಂದು ಕನ್ನಡದಾಗ ಇರ್ಲಿ ಬಿಡ್ರಿ," ಎಂದಳು. ಗಂಡನ ಕಡೆ ನೋಡಿದಳು. ಸದ್ದು ಕಡಿಮೆಯಾಗಲೆಂದು ಸ್ವಿಚ್ಚಿಗೆ ಕೈ ಹಾಕಿದವಳು, ಏನೋ ನೆನಪಾಗಿ ಕೈ ಹಿಂತೆಗೆದಳು. ಇಪ್ಪತ್ತೈದು ವರ್ಷ ಗಿರಣಿಯ ಸದ್ದಿನಲ್ಲಿ ಇದ್ದವನು. ಸದ್ದಿನಲ್ಲಿ ಮಲಗುತ್ತಾನೆ, ಸದ್ದು ನಿಂತರೆ ಎಚ್ಚರಾಗುತ್ತಾನೆ. ಜೋಳ ಇಲ್ಲದೆ ಬರಿದೇ ಓಡಿಸಿದರೆ ಕಲ್ಲು ಕೆಡುತ್ತದೆ. ಅವಳು ಜೋಳ ಬೀಳುವ ಬಾಯಿಯನ್ನು ಕಾಳು ಬೀಳುವಷ್ಟೇ ಬಿಟ್ಟು ಮುಚ್ಚಿ, ಕಾಳು ಕಾಳಾಗಿ ಬಿಡತೊಡಗಿದಳು. ಹಿಂದೆ ಪಾಳಿಯಲ್ಲಿದ್ದವರು ಅದನ್ನು ಕಂಡು, ಡಬ್ಬಿಗಳನ್ನು ಕೆಳಗಿಟ್ಟು ಗೋಡೆಗೆ ಒರಗಿ ಕುಳಿತರು. ನಾನೂ ಕುಳಿತೆ. ನನ್ನ ಐದು ಕಿಲೋ ಜೋಳ ಬೀಸಲು ಆ ದಿನ ಎರಡು ತಾಸು ಹಿಡಿಯಿತು.